ನಗಾರಿಯ ಕೆಳಗಿನ ದನಿ

ನಮ್ಮ ಮನೆಯ ಮಿಕ್ಸರಿಗೂ ನನ್ನ ಶಾರ್ಟ್‌ವೇವ್ ರೇಡಿಯೋಕ್ಕೂ ಯಾವ ಜನ್ಮದ ವೈರವೋ, ಸಂಜೆ ಇದು ಬಾಯಿ ತೆರೆದ ಕ್ಷಣವೇ ಶೇಂಗಾ ಚಟ್ನಿಯ ನೆಪದಲ್ಲಿ ಅದೂ ಗರ್ಜಿಸುತ್ತಿತ್ತು. ಬಾಗಲಕೋಟೆಯಲ್ಲಿ ಇತಿಹಾಸ ಬೋಧಿಸಿ ನಿವೃತ್ತನಾದ ನನಗೆ, ಅರ್ಥವಾಗದ ಭಾಷೆಗಳ ದೂರದ ಬಾನುಲಿಗಳನ್ನು ಹಿಡಿದು, ಪ್ರಸಾರ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂದು ಅವರಿಗೆ ವರದಿ ಕಳಿಸುವುದೇ ವ್ಯಸನ. ಪ್ರತಿಯಾಗಿ ಬರುವ ಚಿತ್ರದ ಕಾರ್ಡುಗಳನ್ನು, ಓದುಗ ಮಹಾಶಯರೇ, ನೀವು ಮನೆಗೆ ಬಂದರೆ ಚಹಾಕ್ಕಿಂತ ಮೊದಲು ತೋರಿಸುತ್ತೇನೆ.

ಹೋದ ವರ್ಷ ಸಿಕ್ಕಿದ್ದು ಒಂದು ದೇಶಭ್ರಷ್ಟ ಬಾನುಲಿ. ಕಮ್ಯುನಿಸ್ಟ್ ಸರಕಾರದ ಕತ್ತರಿಗೆ ತಲೆಬಾಗದೆ ತಾಯ್ನಾಡು ಬಿಟ್ಟ ಪತ್ರಕರ್ತರು ಪರದೇಶದಲ್ಲಿ ಕುಳಿತು ತಮ್ಮ ಜನಕ್ಕೆ ಸುದ್ದಿ ಓದುತ್ತಾರೆಂದು ತಿಳಿದದ್ದು ಆಮೇಲೆ. ಆಗ ನನಗೆ ಕೇಳಿಸಿದ್ದು ನಗಾರಿ-ಜಾಗಟೆಗಳ ಅಮೋಘ ನಾದ. ಬೇವೂರಿನಲ್ಲಿ ಬೀರಪ್ಪನ ಡೊಳ್ಳು ಕೇಳುತ್ತ ಬೆಳೆದ ತಲೆ ತೂಗದೆ ಇದ್ದೀತೇ? ಉತ್ಸಾಹದಿಂದ ಇ-ಮೇಲ್ ಬರೆದೆ: ನಿಮ್ಮ ವಾದ್ಯಮೇಳ ಅದ್ಭುತ, ಆದರೆ ನಡುನಡುವೆ ಯಾರೋ ಹೆಣ್ಣುಮಗಳು ಮಾತಾಡಿ ರಸಭಂಗ ಮಾಡುತ್ತಾರೆ, ದಯವಿಟ್ಟು ತಡೆಯಿರಿ.

ರಸಭಂಗ ಮಾಡಿದಾಕೆಯೇ ಉತ್ತರ ಬರೆದಿದ್ದರು. ಆ ಮೇಳ ತಮ್ಮದಲ್ಲ, ತಮ್ಮ ದನಿ ಊರು ಮುಟ್ಟದಂತೆ ಸರಕಾರವೇ ಅದೇ ಅಲೆಯ ಮೇಲೆ ಹರಿಬಿಡುವ ಗದ್ದಲ. ಅದಕ್ಕೆ ಇಷ್ಟು ಒಳ್ಳೆಯ ವಿಮರ್ಶೆ ಬಂದದ್ದು ಇದೇ ಮೊದಲು ಎಂದು ನಕ್ಕಿದ್ದರು. ಕೊನೆಗೊಂದು ಕೋರಿಕೆ. ಊರಲ್ಲಿ ತಾಯಿ ಕಿವಿಗೊಟ್ಟು ಕೂತಿರಬಹುದು, ಆದರೆ ಕೇಳಿಸಿತೆಂದು ಬರೆಯುವ ಧೈರ್ಯ ಅಲ್ಲಿ ಯಾರಿಗೂ ಇಲ್ಲ. ನಗಾರಿಯ ಕೆಳಗೆ ನನ್ನ ಮಾತು ಉಳಿದಿದೆಯೇ ಎಂದು ನೀವಾದರೂ ತಿಳಿಸುವಿರಾ? ಓದಿ ನನಗೆ ನಗು ಬಂತು, ನಾಚಿಕೆಯೂ ಆಯಿತು, ಆ ಸಂಜೆಯೇ ಆಕೆಯ ದನಿ ಹುಡುಕುತ್ತ ರೇಡಿಯೋದ ಮುಂದೆ ಕೂತೆ.

ಆದರೆ ವಾದ್ಯ ಬಿಟ್ಟು ದನಿ ಹಿಡಿಯುವುದು ಬೀರಪ್ಪನ ಭಕ್ತನಿಗೆ ಸುಲಭದ ತಪಸ್ಸಲ್ಲ. ಕಿವಿ ದನಿಯತ್ತ ಹೊರಟರೆ ಕಾಲು ತಾಳ ಹಾಕುತ್ತದೆ. ನನ್ನ ಒದ್ದಾಟ ನೋಡಲಾರದೆ, ಇಳಕಲ್ಲಿನ ನೇಕಾರರ ಓಣಿಯಲ್ಲಿ ಬೆಳೆದ ನನ್ನ ಹೆಂಡತಿ ರೇಡಿಯೋದ ಪಕ್ಕ ಬಂದು ಕೂತಳು. ಸ್ವಲ್ಪ ಹೊತ್ತು ಕಣ್ಣು ಮುಚ್ಚಿದಳು.

"ಅಷ್ಟು ಮಗ್ಗದ ಸಪ್ಪಳದಾಗೂ ನಮ್ಮವ್ವ ಕರದ್ರ ನನಗ ಕೇಳತಿತ್ತು. ಈಕಿ ದನಿನೂ ಚೊಲೋ ಕೇಳತೈತಿ, ಹಂಗಂತ ಬರೀರಿ."

ಹಾಗೆಯೇ ಬರೆದೆ. ಹಾಗಾದರೆ ಅಮ್ಮನಿಗೂ ಕೇಳಿಸೀತು ಎಂದು ಉತ್ತರ ಬಂತು.

ಅಂದಿನಿಂದ ನಮ್ಮ ಮನೆಯಲ್ಲಿ ಅಧಿಕಾರ ಹಸ್ತಾಂತರವಾಗಿದೆ. ಪ್ರಸಾರದ ಹೊತ್ತಿಗೆ ಮಿಕ್ಸರಿಗೆ ಮೌನವ್ರತ. ರೇಡಿಯೋದ ಮುಂದೆ ಆಕೆ, ಒಳಕಲ್ಲಿನ ಮುಂದೆ ಶೇಂಗಾ ಕುಟ್ಟುತ್ತ ನಾನು. ನಗಾರಿ ಶುರುವಾದರೆ ನನ್ನ ಕೈಯೂ ಅದರ ತಾಳಕ್ಕೇ ಬೀಳುತ್ತದೆ. ಆಗ ಆಕೆ ಈ ಕಡೆ ತಿರುಗದೆಯೇ ಹೇಳುತ್ತಾಳೆ:

"ಸಾವಕಾಶ ಕುಟ್ರಿ. ಆಕಿ ಅವ್ವನ ಜೋಡಿ ಮಾತಾಡಾಕತ್ಯಾಳ."