ಬೊಂಬೆ ಕೊಳದ ಮರಿಮೀನು

ಎರಡು ವರ್ಷದ ಹಿಂದಿನ ನವರಾತ್ರಿ. ಚೆನ್ನೈನಲ್ಲಿ ಮಳೆ ಆಗಲೇ ಹಿಡಿದುಕೊಂಡಿತ್ತು, ಅದರ ಬೆನ್ನಿಗೆ ಡೆಂಗಿ ಜ್ವರವೂ. ಪೆರಂಬೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದರ ಹಿಂದೆ ಒಂದರಂತೆ ಮೂರು ಮನೆಗೆ ಜ್ವರ ಬಂತು. ಮೂರನೆಯದು ಅಸೋಸಿಯೇಷನ್ ಸೆಕ್ರೆಟರಿ ಶೇಷಾದ್ರಿಯವರ ಮೊಮ್ಮಗ ಕಣ್ಣನ್‌ಗೆ. ಆರು ವರ್ಷದ ಮಗು. ಹಬ್ಬದ ಹಿಂದಿನ ದಿನ ಆಸ್ಪತ್ರೆಗೆ ಸೇರಿಸಿದರು.

ನಾನು ಮಂಡ್ಯದ ಕಡೆಯವಳು. ಮದುವೆಯಾಗಿ ಇಲ್ಲಿಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಶಾಲೆಯಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತಳಾಗಿದ್ದೇನೆ. ನನ್ನ ಬಾಯಿ ಸ್ವಲ್ಪ ಜೋರು ಅಂತ ನಮ್ಮ ಯಜಮಾನರ ದೂರು. ಕ್ಲಾಸು ತುಂಬ ಮಕ್ಕಳನ್ನು ಇಟ್ಟುಕೊಂಡು ಮೆತ್ತಗೆ ಮಾತಾಡಿ ಯಾರು ಪಾಠ ಮುಗಿಸಿದ್ದಾರೆ?

ನಮ್ಮ ಕಟ್ಟಡದ ಹಿಂದೆ ಒಂದು ಸಣ್ಣ ಬೀದಿ ಇದೆ. ಒತ್ತೊತ್ತಾದ ಪುಟ್ಟ ಮನೆಗಳು. ಅಲ್ಲಿಗೆ ನೀರು ಬರುವುದು ಲಾರಿಯಲ್ಲಿ, ಹಾಗಾಗಿ ಮನೆಮನೆಯ ಮುಂದೂ ಡ್ರಮ್ಮು, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡ. ನಮ್ಮ ಮನೆಗಳಲ್ಲಿ ಪಾತ್ರೆ ತಿಕ್ಕುವವರು, ಅಡುಗೆಗೆ ಬರುವವರು ಎಲ್ಲರೂ ಆ ಬೀದಿಯವರೇ. ಕಾಂಪೌಂಡಿನ ಹಿಂಬದಿ ಗೇಟಿನಿಂದ ಬರುತ್ತಾರೆ. ನಮ್ಮ ಮನೆಗೆ ಸೆಲ್ವಿ ಬರುತ್ತಾಳೆ. ಎಂಬತ್ತು ದಾಟಿದ ನಮ್ಮ ಅತ್ತೆಗೆ ಸ್ನಾನಕ್ಕೆ ನೀರು ತೋಡಿ ಕೊಡುವುದರಿಂದ ಹಿಡಿದು ಬೆನ್ನಿಗೆ ಎಣ್ಣೆ ಹಚ್ಚುವವರೆಗೆ ಅವಳೇ. ಅವಳ ಗಂಡ ಇಲ್ಲ. ನಾಲ್ಕು ಮನೆಯ ಕೆಲಸದಿಂದ ಅವಳ ಮನೆಯ ಒಲೆ ಉರಿಯಬೇಕು.

ಹಬ್ಬದ ನಡುವೆ ಒಂದು ದಿನ ಶೇಷಾದ್ರಿಯವರು ಮೀಟಿಂಗ್ ಕರೆದರು. ಜ್ವರ ಹಿಂಬದಿ ಬೀದಿಯಿಂದಲೇ ಬರುತ್ತಿದೆ, ಜ್ವರದ ಕಾಲ ಮುಗಿಯುವವರೆಗೆ ಹಿಂಬದಿ ಗೇಟು ಮುಚ್ಚಬೇಕು, ಆ ಬೀದಿಯವರು ಯಾರೂ ಕೆಲಸಕ್ಕೆ ಬರಕೂಡದು ಎಂದರು. ಎಲ್ಲರೂ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಹೋಗಿ ನೋಡಿದೀರಾ ಸಾರ್? ನೋಡದೇನೇ ಹೆಂಗೆ ಹೇಳ್ತೀರಿ?" ಎಂದೆ.

"ಅಷ್ಟ್ ಡೌಟ್ ಇದ್ರೆ ನೀವೇ ಪೋಯಿ ನೋಡಿ ಟೀಚರ್," ಎಂದರು. ಅವರ ಮನೆತನ ಮದರಾಸಿನಲ್ಲಿ ನೆಲೆನಿಂತು ನಾಲ್ಕು ತಲೆಮಾರಾಗಿದೆ, ಕನ್ನಡದೊಳಗೆ ತಮಿಳು ಸಾರಿನೊಳಗಿನ ಬೇಳೆಯ ಹಾಗೆ ಬೆರೆತಿರುತ್ತದೆ. "ಅಲ್ಲೂ ನೋಡಿ, ಇಲ್ಲೂ ನೋಡಿ. ಎಲ್ಲಿ ಸೊಳ್ಳೆ ಹುಳ ಇರುತ್ತೋ ಆ ಕಡೆಗೆ ಬೀಗ. ಸರೀನಾ?"

"ಸರಿ. ಈ ಮಾತು ಎಲ್ಲರೂ ಕೇಳಿಸ್ಕೊಂಡ್ರಲ್ಲ?" ಎಂದೆ.

ಆದರೂ ಅವತ್ತು ಸಂಜೆಯೇ ಗೇಟಿಗೆ ಹೊಸ ಬೀಗ ಬಿತ್ತು. ನೆಲಮಹಡಿಯಲ್ಲಿ ಗೇಟಿಗೆ ಹತ್ತಿರವಿರುವುದು ನಮ್ಮ ಮನೆ, ಹಾಗಾಗಿ ಬೀಗದ ಕೈಯನ್ನು ನನಗೇ ಕೊಟ್ಟರು. ಸೆಲ್ವಿ ಗೇಟಿನ ಕಂಬಿ ಹಿಡಿದುಕೊಂಡು, "ವರವೇಂಡಾಮಾ ಟೀಚರಮ್ಮಾ?" ಎಂದು ಕೇಳಿದಳು. ಬರಬೇಡವಾ ಎಂದು. ಎರಡು ದಿನ ತಡಿ ಎಂದೆ. ಅವಳು ತಿರುಗಿ ಹೋದಳು. ಅವಳು ಜಗಳ ಆಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಮಾರನೆಯ ದಿನ ಟಾರ್ಚು, ಒಂದು ಬಿಳಿ ಪಿಂಗಾಣಿ ಬಟ್ಟಲು ಹಿಡಿದು ಹಿಂಬದಿ ಬೀದಿಗೆ ಹೋದೆ. ಡೆಂಗಿ ಸೊಳ್ಳೆ ಚರಂಡಿಯಲ್ಲಿ ಹುಟ್ಟುವುದಿಲ್ಲ, ನಾವು ಜೋಪಾನವಾಗಿ ತುಂಬಿಟ್ಟ ತಿಳಿನೀರೇ ಅದಕ್ಕೆ ಬೇಕು. ಬಟ್ಟಲಲ್ಲಿ ನೀರು ತೆಗೆದು ಬೆಳಕು ಹಾಯಿಸಿದರೆ ಹುಳ ಇದ್ದರೆ ಕುಣಿಯುತ್ತದೆ. ಬೀದಿಯ ಅಷ್ಟೂ ಡ್ರಮ್ಮು ನೋಡಿದೆ. ಹೆಚ್ಚಿನವಕ್ಕೆ ಹಳೇ ಪಂಚೆ, ಸೀರೆ ತುಂಡು ಬಿಗಿದು ಕಟ್ಟಿದ್ದರು. ಒಂದು ಮನೆಯ ಡ್ರಮ್ಮಿನಲ್ಲಿ ಹುಳ ಇತ್ತು, ಇಲ್ಲ ಅನ್ನುವುದಿಲ್ಲ. ಆ ಮನೆಯಾಕೆ ಲಾರಿ ನೀರು ದಂಡವಾಯಿತಲ್ಲ ಎಂದು ಗೊಣಗುತ್ತಲೇ ಡ್ರಮ್ಮು ಬೋರಲು ಹಾಕಿದಳು.

ಆಮೇಲೆ ನಮ್ಮ ಕಟ್ಟಡ. ಅಲ್ಲಿ ಕಷ್ಟ ಶುರುವಾಯಿತು. ಬಾಗಿಲು ಅರ್ಧ ತೆರೆದು, "ನಮ್ಮನೇಲಿ ಸೊಳ್ಳೇನೇ ಇಲ್ಲ ಟೀಚರ್, ನೆಟ್ ಹಾಕ್ಸಿದೀವಲ್ಲ" ಅನ್ನುವವರೇ ಎಲ್ಲ. ಒಬ್ಬಾಕೆಯ ಫ್ರಿಜ್ ಹಿಂದಿನ ತಟ್ಟೆ ಎಳೆದು ತೋರಿಸಿದಾಗ ಅವರ ಮುಖ ನೋಡಬೇಕಿತ್ತು. ಬಾಟಲಿಯ ಮನಿಪ್ಲಾಂಟು, ಬಾಲ್ಕನಿಯ ಕುಂಡದಡಿಯ ತಟ್ಟೆ, ಬೀಗ ಹಾಕಿಕೊಂಡು ಹೋದ ಫ್ಲ್ಯಾಟಿನ ಹೊರಗಿಟ್ಟ ಬಕೆಟ್, ಎಲ್ಲದರಲ್ಲೂ ಹುಳ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸಿದರಂತೆ. ನಮ್ಮ ಕಟ್ಟಡದ ಕಥೆ ಅದೇ.

ಅಂದು ಸಂಜೆ ಕೆಳಗಿನ ಹಾಲ್‌ನಲ್ಲಿ ಬೊಂಬೆ ನೋಡಲು ಎಲ್ಲರೂ ಸೇರಿದ್ದರು. ಪ್ರತಿ ವರ್ಷ ಅಲ್ಲಿ ಗೊಲು ಕೂರಿಸುವುದು ಶೇಷಾದ್ರಿಯವರ ಹೆಂಡತಿ ವಸಂತಾ. ಮೆಟ್ಟಿಲ ಮೇಲೆ ದಶಾವತಾರ, ಚೆಟ್ಟಿಯಾರ್ ಬೊಂಬೆ, ಕೆಳಗೆ ಮರಳು ಹರಡಿ ಪಾರ್ಕು. ಆ ವರ್ಷ ಪಾರ್ಕಿನ ನಡುವೆ ಒಂದು ದೊಡ್ಡ ನೀಲಿ ಟಬ್ಬು ಹುಗಿದು, ನೀರು ತುಂಬಿ, ದೇವಸ್ಥಾನದ ಕೊಳ ಮಾಡಿದ್ದರು. ಅದರಲ್ಲಿ ಪುಟ್ಟ ತೆಪ್ಪ, ತೆಪ್ಪದ ಮೇಲೆ ಪೆರುಮಾಳ್ ದೇವರು. ಸುತ್ತ ರೇಷ್ಮೆ ಲಂಗದ ಹೆಣ್ಣುಮಕ್ಕಳು ಕೂತು ಹಾಡು ಒಪ್ಪಿಸುತ್ತಿದ್ದರು. ನಮ್ಮ ಅತ್ತೆಯೂ ಒಂದು ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

ನನ್ನನ್ನು ಕಂಡವರೇ ವಸಂತಾ ಕೈ ಹಿಡಿದು ಎಳೆದರು. "ಬನ್ನಿ ಟೀಚರ್, ಅದಿಸಯಂ ನೋಡಿ! ನಾವು ಯಾರೂ ಬಿಡಲಿಲ್ಲ, ತಾನಾಗೇ ಕೊಳದಲ್ಲಿ ಮರಿಮೀನು ಬಂದಿದೆ. ನಾನು ಈ ಕೊಳ ಕಟ್ಟಿದ್ದೇ ಕಣ್ಣನ್‌ಗೋಸ್ಕರ ಹರಕೆ ಹೊತ್ತು. ಪೆರುಮಾಳ್ ಉತ್ತರ ಕೊಟ್ಟುಬಿಟ್ರು." ಅವರ ಕಣ್ಣು ಒದ್ದೆಯಾಗಿತ್ತು.

ಬಗ್ಗಿ ನೋಡಿದೆ. ಬಾಲ ಮೇಲೆ ಮಾಡಿ, ತಲೆ ಕೆಳಗೆ ಮಾಡಿ ನೂರಾರು ತೂಗುತ್ತಿದ್ದವು. ಟಬ್ಬಿನ ಅಂಚಿಗೆ ಅರಿಶಿನ ಕುಂಕುಮ ಇಟ್ಟಿದ್ದರು. ಬಂದ ಹೆಂಗಸರು ಅಕ್ಷತೆ ಹಾಕಿ ಸೊಳ್ಳೆ ಮರಿಗಳಿಗೆ ಕೈ ಮುಗಿಯುತ್ತಿದ್ದರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ನಕ್ಕುಬಿಡುತ್ತಿದ್ದೆ. ಆದರೆ ವಸಂತಾ ಆಸ್ಪತ್ರೆಯಲ್ಲಿ ಮಲಗಿದ್ದ ಮೊಮ್ಮಗನ ಜೀವವನ್ನೇ ಆ ಹುಳಗಳಿಗೆ ಗಂಟು ಹಾಕಿಕೊಂಡು ಕೂತಿದ್ದರು. ಏನು ಹೇಳಲಿ? ಒಂದು ಗಳಿಗೆ, ಮಾತಾಡುವುದೇ ಬೇಡ, ಎದ್ದು ಮನೆಗೆ ಹೋಗೋಣ ಅನ್ನಿಸಿತು. ಅಷ್ಟರಲ್ಲಿ ಟಬ್ಬಿನ ಪಕ್ಕ ಕೂತಿದ್ದ ಮಗುವೊಂದು ಕಾಲು ಕೆರೆದುಕೊಂಡಿತು.

ಬಟ್ಟಲಲ್ಲಿ ನೀರು ತೆಗೆದು ಟಾರ್ಚು ಹಾಕಿ ತೋರಿಸಿದೆ. "ವಸಂತಾ, ಇದು ಮೀನಲ್ಲಮ್ಮ, ಸೊಳ್ಳೆ ಮರಿ. ನಾಳೆ ನಾಡಿದ್ದರಲ್ಲಿ ರೆಕ್ಕೆ ಬಂದು ಇಲ್ಲಿರೋ ಮಕ್ಕಳನ್ನೇ ಕಚ್ಚುತ್ತೆ. ಈಗ್ಲೇ ಚೆಲ್ಲಬೇಕು."

ಹಾಡು ನಿಂತಿತು. ಶೇಷಾದ್ರಿಯವರು ಧಾವಿಸಿ ಬಂದರು. "ಏನ್ ಟೀಚರ್, ವಿಜಯದಶಮಿ ಆಗೋ ತನಕ ಗೊಲು ಕದಲಿಸಬಾರ್ದು. ಅಪಚಾರ! ಅದೂ ಅಲ್ದೆ, ಕಣ್ಣನ್‌ಗೆ ಜ್ವರ ಬಂದಾಗ ಈ ಕೊಳವೇ ಇರಲಿಲ್ಲ."

"ಅವನಿಗೆ ಎಲ್ಲಿಂದ ಬಂತು ಅಂತ ನನಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಗೊತ್ತಿಲ್ದೇನೇ ಬೀಗ ಹಾಕಿದ್ರಲ್ಲ? ಇನ್ನೊಂದು ಮಗೂಗೆ ಬಂದ್ರೆ ಎಲ್ಲಿಂದ ಅಂತ ಮಾತ್ರ ಇವತ್ತು ಎಲ್ಲರಿಗೂ ಗೊತ್ತಾಯ್ತು."

ಅವರು ನನ್ನನ್ನು ಬಿಟ್ಟು ನಮ್ಮ ಅತ್ತೆಯ ಕಡೆ ತಿರುಗಿದರು. "ನೀವಾದ್ರೂ ಬುದ್ಧಿ ಹೇಳಿ ಅಮ್ಮ, ನೀವು ಆಚಾರ ತಿಳಿದೋರು."

ನಮ್ಮ ಅತ್ತೆಯದು ಮಹಾ ಮಡಿ. ಮೂವತ್ತು ವರ್ಷದಿಂದ ನಮ್ಮಿಬ್ಬರಿಗೆ ಜಗಳವೆಂದರೆ ಅದೊಂದೇ. ಅಂಥವರು ನನ್ನ ಪರ ಮಾತಾಡುತ್ತಾರೆಂದು ನನಗೆ ನಂಬಿಕೆ ಇರಲಿಲ್ಲ. ಆದದ್ದಾಗಲಿ ಎಂದು ನೀರಿಗೆ ಕೈ ಹಾಕಿ ತೆಪ್ಪ ಎತ್ತಿದೆ. ಅದನ್ನು ಎಲ್ಲಿಡುವುದು ಎಂದು ತೋಚದೆ ನಿಂತಾಗ ಅತ್ತೆ ಸೆರಗು ಹರಡಿ ಮಡಿಲು ಒಡ್ಡಿದರು. ಮಡಿ ಇಲ್ಲದ ನನ್ನ ಕೈಯಿಂದ ದೇವರನ್ನು ತಗೊಂಡರು.

"ಎಷ್ಟ್ ದಿನದ್ ನೀರೋ ಶೇಷು ಇದು? ಏಳ್ ದಿನದ್ದಾ?" ಎಂದರು. "ನಾನು ನಿನ್ನೆ ನೀರನ್ನೇ ದೇವ್ರ ಹತ್ರ ತರೋಲ್ಲ. ತಂಗಳು ನೀರಲ್ಲಿ ಪೆರುಮಾಳ್‌ನ ಕೂರ್ಸಿಬಿಟ್ಟು, ಅಪಚಾರ ಅಂತ ನನ್ ಸೊಸೇಗ್ ಹೇಳ್ತೀಯಾ? ಚೆಲ್ಲೇ ನೀನು."

ಟಬ್ಬಿನ ಒಂದು ಕಿವಿ ಹಿಡಿದು ಎಳೆದೆ, ಅಲುಗಲಿಲ್ಲ. ಅಷ್ಟು ಹೊತ್ತು ಕಲ್ಲಿನಂತೆ ನಿಂತಿದ್ದ ವಸಂತಾ ಬಂದು ಇನ್ನೊಂದು ಕಿವಿ ಹಿಡಿದರು. ಅಳುತ್ತಲೇ ಹಿಡಿದರು. "ಕಣ್ಣನ್ ಪಟ್ಟಿದ್ದು ಬೇರೆ ಮಕ್ಕಳಿಗೆ ಬೇಡ ಟೀಚರ್," ಎಂದರು. ಆ ಹೆಂಗಸಿನ ಮೇಲೆ ನನಗೆ ಅವತ್ತು ಹುಟ್ಟಿದ ಗೌರವ ಇಂದಿಗೂ ಕಡಿಮೆಯಾಗಿಲ್ಲ.

ಇಬ್ಬರೂ ಟಬ್ಬು ಹೊತ್ತು ಹಿಂಬದಿ ಗೇಟಿನ ಹತ್ತಿರ ಮಣ್ಣಿನ ಮೇಲೆ ಸುರಿದೆವು. ಗೋಡೆಗೆ ಅಂಟಿದ ಮೊಟ್ಟೆ ಹೋಗಲೆಂದು ಟಬ್ಬನ್ನು ಗಸಗಸ ಉಜ್ಜಿದೆವು. ನಮ್ಮ ಹಿಂದೆಯೇ ಅರ್ಧ ಅಪಾರ್ಟ್‌ಮೆಂಟು ಬಂದು ನಿಂತಿತ್ತು. ನಾನು ಸೊಂಟದಿಂದ ಬೀಗದ ಕೈ ತೆಗೆದು ಗೇಟಿನ ಬೀಗ ಬಿಚ್ಚಿದೆ. ಅದನ್ನು ಶೇಷಾದ್ರಿಯವರ ಮುಂದೆ ಹಿಡಿದೆ.

"ಎಲ್ಲಿ ಹುಳ ಇದೆಯೋ ಆ ಕಡೆಗೆ ಬೀಗ ಅಂದಿದ್ರಿ ಸಾರ್. ಮುಂದಿನ ಗೇಟಿಗೆ ಹಾಕ್ಲಾ? ನಾಳೆಯಿಂದ ನೀವು ಆಫೀಸಿಗೆ ಹೋಗ್ಬೇಡಿ, ನಾವೂ ತರಕಾರಿಗೆ ಹೋಗಲ್ಲ."

ಅವರು ತಲೆ ತಗ್ಗಿಸಿ ಒಳಗೆ ಹೋದರು.

ಮಾರನೆಯ ಬೆಳಿಗ್ಗೆ ಸೆಲ್ವಿ ಬಂದಳು. ಎಲ್ಲರೂ ಬಂದರು. ಅತ್ತೆ ಅವಳನ್ನು, ನಿನ್ನೆ ನನ್ನ ಬೆನ್ನು ಯಾರು ತಿಕ್ಕಬೇಕಿತ್ತು ಎಂದು ಗದರಿದರು. ವಿಜಯದಶಮಿ ಕಳೆದ ಮೇಲೆ ಕಣ್ಣನ್ ಮನೆಗೆ ಬಂದ, ಸೊರಗಿದ್ದ, ಆದರೆ ಬಂದ. ಈಗ ವಸಂತಾ ಕೊಳಕ್ಕೆ ನೀರಿನ ಬದಲು ಕನ್ನಡಿ ಇಡುತ್ತಾರೆ. ವಾರಕ್ಕೊಮ್ಮೆ ಟಾರ್ಚು ಹಿಡಿದು ಎರಡೂ ಕಡೆ ನೋಡಿ ಬರಲು ನನ್ನ ಜೊತೆ ಅವರೂ ಬರುತ್ತಾರೆ.

ಮಳೆಗಾಲ ಬಂದು ಯಾರಿಗಾದರೂ ಮೈ ಬೆಚ್ಚಗಾದರೆ ಹಿಂಬದಿ ಗೇಟಿನ ಮಾತು ಮತ್ತೆ ಏಳುತ್ತದೆ. ಆ ಬೀಗ ನಮ್ಮ ಅಡುಗೆಮನೆಯ ಮೊಳೆಗೆ ನೇತುಬಿದ್ದಿದೆ. ಅಸೋಸಿಯೇಷನ್ನಿನ ಸ್ವತ್ತು, ವಾಪಸು ಕೊಡಿ ಎಂದು ಆಗಾಗ ಹೇಳಿ ಕಳಿಸುತ್ತಾರೆ. ನಾನು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಹುಳ ಎಲ್ಲಿದೆ ಎಂದು ಮೊದಲು ಬಟ್ಟಲಲ್ಲಿ ತೋರಿಸಲಿ, ಅದು ಯಾರ ಮನೆಯ ಬಾಗಿಲೇ ಆಗಿರಲಿ, ನಾನೇ ಬಂದು ಹಾಕಿಕೊಡುತ್ತೇನೆ.