ಭೋಸರಿಯ ಸರ್ವರ್ ಮತ್ತು ಮೂವತ್ತೊಂದು ಗುರುವಾರಗಳು

2007ರ ಆಗಸ್ಟ್ 17, ಶುಕ್ರವಾರ, ಬೆಳಿಗ್ಗೆ 8:25. ಪುಣೆಯ ಶಿವಾಜಿನಗರದ ಬಸ್ ನಿಲ್ದಾಣದಲ್ಲಿದ್ದೆ. ದೇಸಾಯರ ಫೋನ್ ಬಂತು. “ತಮ್ಮಾ, ನಿನ್ನ ಡಬ್ಬಿ ಚಾಲೂ ಆಗವಲ್ದು. ಒಳಗ ಟಕ್ ಟಕ್ ಅನ್ನಾಕತ್ತದ.” ಡಬ್ಬಿ ಎಂದರೆ ನಾನು ಕೂರಿಸಿಕೊಟ್ಟ ಸರ್ವರ್.

ಆಗ ನನಗೆ ಇಪ್ಪತ್ತಾರು. ಸಣ್ಣ ಕಾರ್ಖಾನೆ, ಅಂಗಡಿಗಳ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸವನ್ನು ಒಬ್ಬನೇ ಮಾಡುತ್ತಿದ್ದೆ. ಗಿರಾಕಿಗಳು ಹನ್ನೊಂದು. ಅವರಲ್ಲಿ ಗೋಕಾಕ ಕಡೆಯ ದೇಸಾಯರೂ ಒಬ್ಬರು. ಭೋಸರಿಯಲ್ಲಿ ಅವರ ಘಟಕ ಡೈಗಳನ್ನು, ಅಂದರೆ ತಗಡು ಒತ್ತುವ ಉಕ್ಕಿನ ಅಚ್ಚುಗಳನ್ನು, ಮಾಡುತ್ತಿತ್ತು. ಅಲ್ಲಿದ್ದ ಹದಿನಾಲ್ಕು ಜನರಲ್ಲಿ ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವವರು ಶಕುಂತಲಾ ಒಬ್ಬರೇ. ಖಡಕಿಯಲ್ಲಿದ್ದ ತಂದೆಯ ನೌಕರಿಯ ಕ್ವಾರ್ಟರ್ಸಿನಿಂದ ಬರುತ್ತಿದ್ದರು. ಆರು ವರ್ಷಗಳಿಂದ ಶೆಡ್ಡಿನ ಕೀಲಿಕೈ ಅವರ ಬಳಿಯೇ ಇತ್ತು. ಬೆಳಿಗ್ಗೆ ಬಾಗಿಲು ತೆರೆಯುವವರೂ ಸಂಜೆ ಹಾಕುವವರೂ ಅವರೇ.

ಕಥೆ ಶುರುವಾದದ್ದು ಹಿಂದಿನ ಡಿಸೆಂಬರಿನಲ್ಲಿ. ನಕ್ಷೆಗಳನ್ನೆಲ್ಲ ಒಂದೇ ಕಡೆ ಇಡುವ ವ್ಯವಸ್ಥೆ ಬೇಕೆಂದು ದೇಸಾಯರು ಕೇಳಿದ್ದರು. ದಾರಿಗಳು ಎರಡಿದ್ದವು. ಶೆಡ್ಡಿನಲ್ಲೇ ಒಂದು ಸರ್ವರ್ ಇಡುವುದು. ಇಲ್ಲವೇ ಇಂಟರ್ನೆಟ್ ಮೂಲಕ ಬೇರೊಂದು ಕಂಪನಿಯ ಯಂತ್ರಗಳಲ್ಲಿ ತಿಂಗಳ ಬಾಡಿಗೆಗೆ ಜಾಗ ಹಿಡಿಯುವುದು. ಇದನ್ನು ಈಗ ಕ್ಲೌಡ್ ಎನ್ನುತ್ತಾರೆ; ಆಗ ಆ ಹೆಸರು ನಮ್ಮ ಬಾಯಿಗೆ ಬಂದಿರಲಿಲ್ಲ. ನಾನು ಡೈರಿಯಲ್ಲಿ ಎರಡು ಕಾಲಮ್ ಹಾಕಿದೆ. ಒಂದು ವಾರ ಅಲ್ಲಿನ ಇಂಟರ್ನೆಟ್ ಲೈನನ್ನು ಪರೀಕ್ಷಿಸಿ, ಹದಿನಾಲ್ಕು ಸಲ ಕಡಿದುಹೋಯಿತು ಎಂದು ಬರೆದೆ. ಲೆಕ್ಕ ನಿಜ. ಆದರೆ ನನ್ನ ಮನಸ್ಸು ಅದಕ್ಕೂ ಮೊದಲೇ ನಿರ್ಧರಿಸಿಬಿಟ್ಟಿತ್ತು. ಬಾಡಿಗೆ ಜಾಗವಾದರೆ ಒಂದು ಪಾಸ್‌ವರ್ಡ್ ಮಾಡಿಕೊಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಕೈಯಾರೆ ಒಂದು ಸರ್ವರ್ ಕಟ್ಟಿ, ‘ಇದು ನಾನು ಮಾಡಿದ್ದು’ ಎಂದು ತೋರಿಸುವ ಆಸೆ ನನಗಿತ್ತು.

ದೇಸಾಯರಿಗೂ ಅದೇ ಹಿಡಿಸಿತು. ನಮ್ಮ ಮಾಲು ನಮ್ಮ ಕಪಾಟಿನಲ್ಲಿರಬೇಕು, ಮಂದಿಯ ಮನೆಯಲ್ಲಿಟ್ಟು ಬಾಡಿಗೆ ಯಾಕೆ ಕೊಡಬೇಕು ಎಂದರು. ಶಕುಂತಲಾ ಕೇಳಿದ್ದು ಒಂದೇ ಮಾತು: “ಕಪಾಟಿಗೆ ಕೀಲಿ ನಾ ಹಾಕ್ತೀನ್ರಿ. ಡಬ್ಬಿ ಯಾರು ನೋಡ್ತಾರ?”

“ನಾ ನೋಡ್ತೀನ್ರಿ” ಎಂದೆ.

2007ರ ಜನವರಿ 12ರಂದು ಸರ್ವರ್ ಕೂರಿಸಿ, ಆವರೆಗಿನ ನಕ್ಷೆಗಳ ಒಂದು ಪ್ರತಿಯನ್ನು ಬೇರೆ ಡಿಸ್ಕಿಗೆ ನಾನೇ ತೆಗೆದೆ. ಮುಂದೆ ಈ ಪ್ರತಿ, ಅಂದರೆ ಬ್ಯಾಕಪ್, ವಾರಕ್ಕೊಮ್ಮೆ ತಾನಾಗಿಯೇ ಆಗುವಂತೆ ಮಾಡಿದೆ. ದಿನ ಗುರುವಾರ, ಬೆಳಿಗ್ಗೆ 11. ಭೋಸರಿಗೆ ಗುರುವಾರ ವಾರದ ರಜೆ. ಯಾರೂ ಫೈಲ್ ತೆರೆದಿರುವುದಿಲ್ಲ, ನಕಲು ಚೊಕ್ಕಟವಾಗಿ ಆಗುತ್ತದೆ ಎಂಬುದು ನನ್ನ ಜಾಣತನ. ಬ್ಯಾಕಪ್ ಕೆಟ್ಟರೆ ನನಗೊಂದು ಮೇಲ್ ಬರುವಂತೆಯೂ ಮಾಡಿದ್ದೆ. ಮೇಲ್ ಬರಲಿಲ್ಲವೆಂದರೆ ಎಲ್ಲ ಸರಿಯಿದೆ ಎಂದರ್ಥ. ಹಾಗೆ ಅಂದುಕೊಂಡು ಪ್ರತಿ ಗುರುವಾರ ಸಂಜೆ ಡೈರಿಯಲ್ಲಿ ‘ದೇಸಾಯಿ, ಬ್ಯಾಕಪ್’ ಎಂದು ಬರೆದು ಮುಂದೆ ಟಿಕ್ ಹಾಕುತ್ತಿದ್ದೆ. ಆಗಸ್ಟ್ 16ರವರೆಗೆ ಮೂವತ್ತೊಂದು ಟಿಕ್‌ಗಳಾದವು. ಒಂದು ಸಲವೂ ಹೋಗಿ ಡಿಸ್ಕ್ ತೆರೆದು ನೋಡಲಿಲ್ಲ.

ಆಗಸ್ಟ್ 17ರ ಆ ಬೆಳಿಗ್ಗೆ ಭೋಸರಿ ತಲುಪಿದಾಗ 9:40. ಸರ್ವರಿನ ಡಿಸ್ಕ್ ಸತ್ತಿತ್ತು. ಬ್ಯಾಕಪ್ ಇದೆಯಲ್ಲ ಎಂಬ ಧೈರ್ಯದಿಂದ ಇನ್ನೊಂದು ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅದರಲ್ಲಿ ಒಂದೇ ಫೋಲ್ಡರ್ ಇತ್ತು: ಜನವರಿ 12.

ಕಾರಣ ತಿಳಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಗೋಡೆಯ ಮೇಲೇ ಇತ್ತು. ರಜೆಯ ಹಿಂದಿನ ದಿನ, ಬುಧವಾರ ಸಂಜೆ, ಕೊನೆಗೆ ಹೊರಡುವವರು ಶೆಡ್ಡಿನ ಮೇನ್ ಸ್ವಿಚ್ ಇಳಿಸಿ ಹೋಗುವುದು ಅಲ್ಲಿನ ಪದ್ಧತಿ. ಅದು ದೇಸಾಯರೇ ಮಾಡಿದ ನಿಯಮ. ಯುಪಿಎಸ್ ಬ್ಯಾಟರಿ ಇಪ್ಪತ್ತು ನಿಮಿಷ ಖಾಲಿ ಶೆಡ್ಡಿನಲ್ಲಿ ಕೂಗಿಕೊಂಡು ಸುಮ್ಮನಾಗುತ್ತಿತ್ತು. ಸರ್ವರ್ ಧಡಕ್ಕನೆ ಆರುತ್ತಿತ್ತು. ಶುಕ್ರವಾರ ಕರೆಂಟ್ ಬಂದೊಡನೆ ತಾನೇ ಎದ್ದು ಕೂರುವಂತೆ ನಾನೇ ಮಾಡಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಆರಿದ ಯಂತ್ರ ಬ್ಯಾಕಪ್ಪನ್ನೂ ಮಾಡುವುದಿಲ್ಲ, ಮೇಲನ್ನೂ ಕಳಿಸುವುದಿಲ್ಲ. ಹೀಗೆ ವಾರವಾರ ಆರಿ ಆರಿ ಕೊನೆಗೆ ಡಿಸ್ಕೂ ಕೈಕೊಟ್ಟಿತ್ತು.

ದೇಸಾಯರು ಏನಾಯಿತೆಂದು ಕೇಳಿದರು. ಡೈರಿ ನನ್ನ ಚೀಲದಲ್ಲೇ ಇತ್ತು. ಅದನ್ನು ತೆಗೆಯದೆ, “ಬುಧವಾರ ಸಂಜಿ ಯಾರೋ ಮೇನ್ ಇಳಸ್ತಾರ್ರಿ. ಅದಕ್ಕ ಬ್ಯಾಕಪ್ ಆಗಿಲ್ಲ” ಎಂದೆ.

ಅವರ ಕಣ್ಣು ಶಕುಂತಲಾ ಕಡೆ ಹೊರಳಿತು.

“ನೀವ ಹೇಳಿದ್ರಲ್ರಿ ಸಾಹೇಬ್ರ, ಇಳಿಸಿ ಹೋಗು ಅಂತ” ಎಂದರು ಶಕುಂತಲಾ. “ಡಬ್ಬಿ ಸಂಬಂಧ ಇಳಿಸಬಾರದು ಅಂತ ಇವರು ನನಗ ಹೇಳೇ ಇಲ್ಲ.”

ದೇಸಾಯರು ನನ್ನತ್ತ ತಿರುಗಿದರು. “ಹೇಳಿದ್ದಿಲ್ಲೇನ ತಮ್ಮಾ?”

“ಹೇಳಿದ್ದೆ ಅನಸ್ತದ್ರಿ.”

ನಾನು ಹೇಳಿರಲಿಲ್ಲ. ಸ್ವಿಚ್ಚಿನ ವಿಷಯ ಕೇಳಿಯೂ ಇರಲಿಲ್ಲ. ಶಕುಂತಲಾ ನನ್ನನ್ನು ಒಮ್ಮೆ ನೋಡಿ ತಮ್ಮ ಮೇಜಿಗೆ ಹೋದರು. ಅಂದು ಸಂಜೆ ದೇಸಾಯರು ಕೀಲಿಕೈ ಅವರಿಂದ ಇಸಿದುಕೊಂಡು ವಾಚ್‌ಮನ್ ಕೈಗೆ ಕೊಟ್ಟರು. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು.

ಜನವರಿ 12ರ ನಂತರದ ನಕ್ಷೆಗಳು 214. ಅವುಗಳಲ್ಲಿ 131ರ ಕಾಗದದ ಪ್ರತಿಗಳು ಎಣ್ಣೆ ಮೆತ್ತಿಕೊಂಡು ಯಂತ್ರಗಳ ಬಳಿ ಸಿಕ್ಕವು. ಉಳಿದ 83ಕ್ಕೆ ಶಕುಂತಲಾ ಒಂದೊಂದೇ ಅಚ್ಚನ್ನು ಮೇಜಿಗೆ ತರಿಸಿ, ವರ್ನಿಯರ್ ಹಿಡಿದು ಅಳೆದು, ಹೊಸದಾಗಿ ಬರೆದರು. ಹತ್ತೊಂಬತ್ತು ಕೆಲಸದ ದಿನಗಳು ಹಿಡಿದವು. ಅಳತೆ ಗುರುತು ಹಾಕಿಕೊಡಲು ನಾನು ಪಕ್ಕದಲ್ಲಿ ಕೂತಿದ್ದೆ. ಅಂಕಿಗಳನ್ನು ಬಿಟ್ಟು ಅವರು ನನ್ನೊಡನೆ ಬೇರೆ ಮಾತಾಡಲಿಲ್ಲ. ಸೆಪ್ಟೆಂಬರ್ 8ಕ್ಕೆ ಕೊನೆಯ ನಕ್ಷೆ ಮುಗಿಯಿತು. 30ರಂದು ಅವರು ಕೆಲಸ ಬಿಟ್ಟರು.

2009ರ ಅಕ್ಟೋಬರಿನಲ್ಲಿ ದೇಸಾಯರ ನಕ್ಷೆಗಳನ್ನೆಲ್ಲ ಬಾಡಿಗೆ ಜಾಗಕ್ಕೇ ಸಾಗಿಸಿದೆ. ಈಗ ಪ್ರತಿ ವಾರ ಒಂದು ನಕ್ಷೆಯನ್ನು ವಾಪಸ್ ಇಳಿಸಿ, ತೆರೆದು ನೋಡಿದ ಮೇಲೆಯೇ ಟಿಕ್ ಹಾಕುತ್ತೇನೆ. ಸರ್ವರ್ ಮನೆಯಲ್ಲಿರಬೇಕೋ ಹೊರಗಿರಬೇಕೋ ಎಂದು ಗಿರಾಕಿಗಳು ಕೇಳಿದರೆ, ಮೊದಲು ಅವರ ಮೇನ್ ಸ್ವಿಚ್ ಎಲ್ಲಿದೆ, ಅದನ್ನು ಯಾರು ಯಾವಾಗ ಇಳಿಸುತ್ತಾರೆ ಎಂದು ಕೇಳುತ್ತೇನೆ. ಆಮೇಲೆ ಶಕುಂತಲಾ ಕೇಳಿದ ಪ್ರಶ್ನೆ: ಯಾರು ನೋಡುತ್ತಾರೆ? ಉತ್ತರ ‘ನಾನು’ ಎಂದಾದರೆ ನೋಡಲೇಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿತದ್ದು ಇನ್ನೊಬ್ಬರ ಮರ್ಯಾದೆ ಕಳೆದು.

2009ರ ನವೆಂಬರ್ 12, ಗುರುವಾರ, ಹಳೆಯ ಡೈರಿ ಹಿಡಿದು ದೇಸಾಯರ ಮನೆಗೆ ಹೋಗಿ ಮೂವತ್ತೊಂದು ಟಿಕ್‌ಗಳನ್ನೂ ತೋರಿಸಿ, ಸ್ವಿಚ್ಚಿನ ಮಾತು ಶಕುಂತಲಾಗೆ ನಾನು ಹೇಳಿರಲೇ ಇಲ್ಲ ಎಂದೆ. ಅವರು ಕನ್ನಡಕ ಹಾಕಿಕೊಂಡು ನಿಧಾನವಾಗಿ ಹಾಳೆ ತಿರುವಿದರು.

“ನನ್ನ ಮುಂದ ಯಾಕ ಹೇಳ್ತಿ? ಆಕಿ ಮುಂದ ಹೇಳಬೇಕಿತ್ತು.”

ಮರುದಿನ ಖಡಕಿಗೆ ಹೋದೆ. ಆ ಕ್ವಾರ್ಟರ್ಸಿನಲ್ಲಿ ಬೇರೆಯವರಿದ್ದರು. ತಂದೆ ನಿವೃತ್ತರಾದ ಮೇಲೆ ಊರಿಗೆ ಹೋದರು ಎಂದು ಪಕ್ಕದ ಮನೆಯವರು ಮರಾಠಿಯಲ್ಲಿ ಹೇಳಿದರು. ಯಾವ ಊರೆಂದು ಅವರಿಗೂ ತಿಳಿಯದು. ವಿಜಾಪುರದ ಕಡೆ ಇರಬಹುದಂತೆ.

ಶಕುಂತಲಾ ಈಗಲೂ ಎಲ್ಲೋ ನಕ್ಷೆ ಬರೆಯುತ್ತಿರಬಹುದು. ಕೈಯಲ್ಲಿ ಅಳತೆ ಬರೆಯುವಾಗ ಏಳರ ನಡುವೆ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಅವರನ್ನು ಬಲ್ಲವರು ಯಾರಾದರೂ ಇದನ್ನು ಓದಿದರೆ, ದಯವಿಟ್ಟು ಈ ಸಂಚಿಕೆಯ ಸಂಪಾದಕರಿಗೆ ಒಂದು ಕಾಗದ ಬರೆಯಿರಿ. ವಿಳಾಸ ಕೊಡಲು ಶಕುಂತಲಾ ಅವರಿಗೆ ಮನಸ್ಸಿಲ್ಲದಿದ್ದರೆ ಬೇಡ; ಮೇನ್ ಇಳಿಸಬಾರದೆಂದು ನಾನು ಹೇಳಿರಲಿಲ್ಲ ಎಂದು ಒಪ್ಪಿಕೊಂಡಿದ್ದೇನೆ ಎಂಬುದನ್ನಷ್ಟೇ ಅವರಿಗೆ ತಿಳಿಸಿ.