ಅಂಟು ಹಿಡಿಯುವವರೆಗೆ ಏಳಬಾರದು

ನಮ್ಮಕ್ಕನಿಗೆ ಮಂಡಿ ಹೋಗಿ ಎರಡು ವರ್ಷ. ನೆಲದ ಮೇಲೆ ಕೂತರೆ ಏಳಿಸಲು ಇಬ್ಬರು ಬೇಕು. ಆದರೆ ಊಟವೆಂದರೆ ನೆಲ, ಸಾಲಾಗಿ ಕೂರಬೇಕು ಎಂದು ನಮಗೆಲ್ಲ ಬೈದು ಕಲಿಸಿದವಳೇ ಅವಳು. ಹೋದ ಸಲ ಪಾವಗಡದಿಂದ ಮಧುಗಿರಿಗೆ ಬಂದಾಗ ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಮುಖ ಊದಿತು. ನಾವೂ ಕುರ್ಚಿ ಎಳೆದುಕೊಂಡು ಕೂತೆವು. "ನನ್ನೊಬ್ಬಳಿಗೋಸ್ಕರ ಮನೇರೆಲ್ಲ ಕುಂಟಬೇಕಾ?" ಎಂದು ಎರಡು ತುತ್ತು ತಿಂದು ಬಸ್ಸು ಹತ್ತಿದಳು. ಇನ್ನೊಂದು ಸಲ ಹೀಗಾದರೆ ಬರುವುದೇ ಇಲ್ಲ ಎಂದಳು. ಆಡಿದ ಮಾತಿಗೆ ತಪ್ಪುವವಳಲ್ಲ.

ಅದಕ್ಕೇ ಒಂದೂವರೆ ಗೇಣು ಎತ್ತರದ ಮಣೆಯೊಂದನ್ನು ನಾನೇ ಮಾಡಲು ಹೊರಟೆ. ಕಾಲು ಉದ್ದವಿದ್ದರೂ ಮಣೆ ಮಣೆಯೇ ಎಂದು ವಾದಿಸಬಹುದು. ನಮ್ಮ ಬೀದಿಯಲ್ಲಿ ಶಿರಾ ಕಡೆಯ ಬಡಗಿ ಸಾಬರಿದ್ದಾರೆ. ಅವರ ಹತ್ತಿರ ಆರು ತೆಳು ಹಲಗೆಗಳನ್ನು ಒಂದೇ ಅಳತೆಗೆ ಕುಯ್ಯಿಸಿದೆ. ಒಂದರ ಮೇಲೊಂದು ಅಂಟಿಸಿದರೆ ಮಣೆಯಷ್ಟು ದಪ್ಪವಾಗುತ್ತದೆ, ಕಾಲು ಆಮೇಲೆ ಹೊಡೆಯಬಹುದು.

"ಅಂಟು ತೆಳ್ಳಗೆ ಬಳೀರಿ ಸಿಸ್ಟರಮ್ಮ. ಮ್ಯಾಲೆ ಸಮಕ್ಕೆ ಭಾರ ಇರ್ಲಿ. ನಾಕು ಗಂಟೆ ಅಲ್ಲಾಡಬಾರ್ದು" ಎಂದರು.

ಹಿಂದಿನ ದಿನ ಅಂಟಿಲ್ಲದೆ ತಾಲೀಮು ಮಾಡಿದೆ. ರುಬ್ಬುಗುಂಡು ಉರುಳಿತು. ಕಡಲೆಕಾಯಿ ಚೀಲ ಒಂದು ಪಕ್ಕಕ್ಕೆ ವಾಲಿತು. ಚೀಲಕ್ಕೆ ನೆಟ್ಟಗೆ ಕೂರು ಎಂದು ಹೇಳಲಾಗುವುದಿಲ್ಲ, ಮನುಷ್ಯರಿಗೆ ಹೇಳಬಹುದು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳಿಗೆ ಡ್ಯೂಟಿ ಹಂಚುವುದು ಕಷ್ಟವೇ? ಒಂಬತ್ತರಿಂದ ಹತ್ತು ಯಜಮಾನರು, ಹತ್ತರಿಂದ ಹನ್ನೊಂದು ಪಕ್ಕದ ಮನೆಯಾಕೆ, ಹನ್ನೊಂದರಿಂದ ಹನ್ನೆರಡು ಸಾಬರು, ಆಮೇಲೆ ನಾನು. ಚೀಟಿ ಬರೆದು ಗೋಡೆಗೆ ಅಂಟಿಸಿದೆ.

ಶುಕ್ರವಾರ ಬೆಳಗ್ಗೆ ನಡುಮನೆಯಲ್ಲಿ ಒಂದೂವರೆ ಗೇಣು ಎತ್ತರ ಬರುವಂತೆ ಸಿಮೆಂಟ್ ಇಟ್ಟಿಗೆ, ಅದರ ಮೇಲೆ ಚಪ್ಪಡಿ ಕಲ್ಲು, ಅದರ ಮೇಲೆ ಅಂಟು ಬಳಿದ ಹಲಗೆಗಳು, ಮೇಲೂ ಕೆಳಗೂ ರಬ್ಬರ್ ಶೀಟು. ಯಜಮಾನರನ್ನು ಕೂರಿಸಿದೆ.

"ಪೇಪರಾದ್ರೂ ಓದ್ಲಾ?"

"ಓದಿ. ಹಾಳೆ ತಿರುವುವಾಗ ಸೊಂಟ ತಿರುಗಬಾರದು."

ಪಾಳಿ ಬದಲಾಗುವಾಗ ಹಲಗೆ ಒಂದು ಕ್ಷಣವೂ ಬರಿದಾಗಕೂಡದು. ಒಬ್ಬರು ಅತ್ತ ಸರಿದಷ್ಟು ಇನ್ನೊಬ್ಬರು ಇತ್ತಲಿಂದ ಏರಬೇಕು. ಪಕ್ಕದ ಮನೆಯಾಕೆ ಅವರೆಕಾಯಿ ಸುಲಿಯುತ್ತಾ ಕೂತಳು. ನಗಬೇಡ, ಹಲಗೆ ಅಲ್ಲಾಡುತ್ತದೆ ಎಂದೆ. ಅದಕ್ಕೂ ನಕ್ಕಳು.

ಸಾಬರು ನಮಾಜಿಗೆಂದು ಬಿಳಿ ಜುಬ್ಬ ಹಾಕಿಕೊಂಡೇ ಬಂದು ಕೂತರು. "ನಲವತ್ತು ವರ್ಷ ಬಡಗಿ ಕೆಲ್ಸ ಮಾಡೀನಿ, ಅಂಟಿನ ಮ್ಯಾಲೆ ಡ್ಯೂಟಿ ಮಾಡಿರ್ಲಿಲ್ಲ. ಅಂಗಡಿಯಾಗೆ ಹಲಗೆ ಬಿಗಿಯೋ ಕ್ಲ್ಯಾಂಪ್ ಐತಲ್ಲಮ್ಮ, ಕೇಳಿದ್ರೆ ಕೊಡ್ತಿದ್ದೆ."

"ನೀವು ಹೇಳಬೇಕಿತ್ತು" ಎಂದೆ. ಚೀಟಿ ಆಗಲೇ ಗೋಡೆಯ ಮೇಲಿತ್ತು. ಬದಲಾಯಿಸುವ ಮಾತೇ ಇರಲಿಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷವಿದ್ದಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಬರಬೇಕಾದ್ದು ಭಾನುವಾರ. ಅವತ್ತು ಬಸ್ಸು ರಶ್ಶು ಎಂದು ಎರಡು ದಿನ ಮೊದಲೇ ಬಂದುಬಿಟ್ಟಿದ್ದಳು.

"ಏಮೇ ಇದಿ, ಏನೇ ಇದು? ಸಾಬ್ರನ್ನ ಕಾವಿಗೆ ಕೂರ್ಸಿದ್ದೀಯಾ?"

"ಇನ್ನೂ ಮರಿ ಆಗಿಲ್ಲ ಅಕ್ಕಾವ್ರೇ" ಎಂದರು ಸಾಬರು, ಅಲ್ಲಾಡದೆ.

ಆಗ ನನ್ನ ತಪ್ಪು ಹೊಳೆಯಿತು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು, ರಾಗಿ ಹಿಟ್ಟು ಹಾಕಿಯಾಗಿತ್ತು. ಹನ್ನೆರಡಕ್ಕೆ ಮುದ್ದೆ ತಿರುವಬೇಕಾದವಳೂ ನಾನೇ, ಹಲಗೆ ಮೇಲೆ ಕೂರಬೇಕಾದವಳೂ ನಾನೇ. ಸರ್ವೀಸಿನಲ್ಲಿ ಒಂದು ದಿನವೂ ಹೀಗೆ ಎರಡು ಕಡೆ ಒಬ್ಬರನ್ನು ಹಾಕಿರಲಿಲ್ಲ. ಸಾಬರಿಗೆ ಮಸೀದಿಗೆ ಹೊತ್ತಾಗಿತ್ತು. ಪಕ್ಕದ ಮನೆಯಾಕೆ ತನ್ನ ಅಡುಗೆಗೆ, ಯಜಮಾನರು ಎಲೆ ತರಲು ಹೋಗಿದ್ದರು.

"ಅಕ್ಕಾ, ಬಾ, ಕೂತ್ಕೋ."

"ನಾನಾ? ಮಂಡಿ..."

"ಇದು ಮಂಡಿ ಕೆಲಸ ಅಲ್ಲ, ಭಾರದ ಕೆಲಸ."

"ಅದಕ್ಕೇನು ಕೊರತೆ ಬುಡು" ಎಂದು ಸೆರಗು ಸಿಕ್ಕಿಸಿಕೊಂಡಳು. ಸಾಬರು ಆ ತುದಿಗೆ, ಅಕ್ಕ ಈ ತುದಿಗೆ. ಎರಡಡಿ ಹಲಗೆಯ ಮೇಲೆ ಇಬ್ಬರೂ ಒಬ್ಬರ ಕಡೆ ಒಬ್ಬರು ನೋಡದೆ, ಮದುವೆ ಫೋಟೋಗೆ ಒಲ್ಲದೆ ಕೂತವರಂತೆ ಗೋಡೆ ನೋಡುತ್ತಾ ಸರಿದರು. ಸಾಬರು ಎದ್ದು ಚಪ್ಪಲಿ ಮೆಟ್ಟಿ ಓಡಿದರು.

"ಏಳಬೇಡ, ಎದ್ದರೆ ಹಲಗೆ ಕೆಡುತ್ತೆ" ಎಂದು ಹೇಳಿ ನಾನು ಒಲೆಗೆ ಓಡಿದೆ.

ಒಂದು ಗಂಟೆಗೆ ನಮ್ಮ ಊಟ. ಅವಳ ಎರಡೂ ಪಕ್ಕದಲ್ಲಿ ನೆಲಕ್ಕೆ ಎಲೆ ಹಾಕಿದೆ. ಅವಳ ಎಲೆಯನ್ನು ತಟ್ಟೆಯಲ್ಲಿಟ್ಟು ತೊಡೆಯ ಮೇಲಿಟ್ಟೆ. ಅಕ್ಕ ಸಾಲಿನ ನಡುವೆ ಕೂತು, ಸಾರು ಉಪ್ಪಾಯಿತೆಂದು ಬೈಯುತ್ತಾ, ಮುದ್ದೆ ಮುರಿದಳು.

ಒಂದೂವರೆಯಾಯಿತು. ಹೇಳಿದ ನಾಲ್ಕು ಗಂಟೆ ಮುಗಿದು ಅರ್ಧ ಗಂಟೆ ಕಳೆದಿತ್ತು. ಯಜಮಾನರು ಚೀಟಿಯ ಕಡೆ ನೋಡಿ ಬಾಯಿ ತೆರೆದರು. ಅವರ ಎಲೆಗೆ ಸಾರು ಸುರಿದೆ.

"ಎದ್ದರೆ ಕೆಡುತ್ತೆ ಅಂದ್ಯಲ್ಲೇ," ಎಂದಳು ಅಕ್ಕ. "ಹಂಗಾರೆ ಇನ್ನೊಂದು ಮುದ್ದೆ ಇಕ್ಕು."

ಇಕ್ಕಿದೆ.